ಮಾಡೆಲ್‌ನಲ್ಲಿ ಬಡತನ 'ಬಿದ್ದುಹೋದರೆ' ಅದು ಟಿಬಿಗೆ ಕಾರಣವಲ್ಲವೇ?

ಪ್ರಶ್ನೆ: ಟಿಬಿ ರೋಗಿಗಳನ್ನೂ ರೋಗವಿಲ್ಲದವರನ್ನೂ ಹೋಲಿಸಿ ಲಾಜಿಸ್ಟಿಕ್ ರಿಗ್ರೆಶನ್ (ಹಲವು ಅಂಶಗಳಿಗೂ ರೋಗಕ್ಕೂ ಇರುವ ನಂಟನ್ನು ಒಟ್ಟಿಗೆ ಅಳೆಯುವ ಸಂಖ್ಯಾಶಾಸ್ತ್ರದ ಮಾಡೆಲ್) ಮಾಡಿದ್ದೇನೆ. ಬಡತನದ ಆಡ್ಸ್ ರೇಶಿಯೊ (ಬಡತನಕ್ಕೂ ಟಿಬಿಗೂ ಇರುವ ನಂಟು ಎಷ್ಟು ಬಲವಾದದ್ದೆಂಬ ಅಂಕಿ) ಮೊದಲು ಚೆನ್ನಾಗಿಯೇ ಬಂದಿತ್ತು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ), ಮನೆಯ ಇಕ್ಕಟ್ಟು, ಕುಡಿತ ಸೇರಿಸಿದ ಮೇಲೆ ಪಿ ವ್ಯಾಲ್ಯೂ 0.05 ದಾಟಿತು, ಅಂದರೆ ನಂಟು ಬರೀ ಆಕಸ್ಮಿಕವೂ ಇರಬಹುದು ಎಂದು ರೂಢಿಯಲ್ಲಿ ಎಣಿಸುವ ಗಡಿ ದಾಟಿತು. ಬಡತನ ನಿಜವಾದ ಕಾರಣವಲ್ಲ ಎಂದು ಬರೆಯಬಹುದೇ?

ಉತ್ತರ: ಬರೆಯಬಾರದು. ಪ್ರಬಂಧ ಒಪ್ಪಿಸುವ ಕಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಎಷ್ಟು ಸಲ ಹೇಳಿದರೂ ಅದೇ ನಂಬಿಕೆ ಮರಳಿ ಚಿಗುರುತ್ತದೆ: ಇರುವ ಅಂಶಗಳನ್ನೆಲ್ಲ ಮಾಡೆಲ್‌ಗೆ ಸುರಿ, ಕೊನೆಗೆ ಉಳಿದದ್ದೇ ಅಸಲಿ ಕಾರಣ, ಉದುರಿದ್ದು ಸುಳ್ಳು. ಹಾಗಲ್ಲ.

ಬಡತನ ಯಾರ ಶ್ವಾಸಕೋಶಕ್ಕೂ ನೇರವಾಗಿ ಇಳಿಯುವುದಿಲ್ಲ; ಇಳಿಯುವುದು ಬ್ಯಾಕ್ಟೀರಿಯಾ. ಬಡತನ ಕೆಲಸ ಮಾಡುವುದು ಅರೆಹೊಟ್ಟೆಯ ಊಟದ ಮೂಲಕ, ಕಿಟಕಿಯಿಲ್ಲದ ಕೋಣೆಯಲ್ಲಿ ಆರು ಜನ ಮಲಗುವುದರ ಮೂಲಕ, ಕೂಲಿ ತಪ್ಪುತ್ತದೆಂದು ಕೆಮ್ಮನ್ನು ತಿಂಗಳುಗಟ್ಟಲೆ ನುಂಗಿಕೊಳ್ಳುವುದರ ಮೂಲಕ. ಈ ದಾರಿಗಳನ್ನೇ ಮಾಡೆಲ್‌ಗೆ ಸೇರಿಸಿ 'ಹೊಂದಿಸಿ'ದರೆ, ಅಂದರೆ ಅವುಗಳಲ್ಲಿ ಸಮಾನರಾದವರನ್ನಷ್ಟೇ ಹೋಲಿಸಿದರೆ, ಬಡತನ ನಡೆದು ಬರುವ ಹಾದಿಯನ್ನೆಲ್ಲ ಮುಚ್ಚಿ, ಅದು ಬರಲೇ ಇಲ್ಲ ಎಂದಂತಾಯಿತು.

ಲೆಕ್ಕ ಮಾಡಿ ನೋಡಿ. ಅಂಕಿಗಳು ಉದಾಹರಣೆಗೆ ಮಾತ್ರ. ಬಡವರು 1000 ಜನ, ಅವರಲ್ಲಿ 600 ಮಂದಿ ಅಪೌಷ್ಟಿಕರು. ಉಳ್ಳವರು 1000 ಜನ, ಅವರಲ್ಲಿ 200 ಮಂದಿ ಅಪೌಷ್ಟಿಕರು. ಅಪೌಷ್ಟಿಕರಲ್ಲಿ ಶೇ 2ರಷ್ಟು, ಉಳಿದವರಲ್ಲಿ ಶೇ 0.5ರಷ್ಟು ಜನರಿಗೆ ಟಿಬಿ ಬರುತ್ತದೆ ಎಂದುಕೊಳ್ಳಿ. ಬಡವರಲ್ಲಿ 12 ಮತ್ತು 2, ಒಟ್ಟು 14 ರೋಗಿಗಳು. ಉಳ್ಳವರಲ್ಲಿ 4 ಮತ್ತು 4, ಒಟ್ಟು 8. ಅನುಪಾತ 1.75. ಈಗ ಪೌಷ್ಟಿಕತೆಗೆ ಹೊಂದಿಸಿ: ಅಪೌಷ್ಟಿಕರನ್ನು ಅಪೌಷ್ಟಿಕರ ಜೊತೆ ಹೋಲಿಸಿದರೆ ಎರಡೂ ಕಡೆ ಶೇ 2, ಅಂದರೆ ಅನುಪಾತ 1. ಬಡತನ 'ಬಿದ್ದುಹೋಯಿತು'. ಆದರೆ ಆ ಸಾವಿರ ಬಡವರ ತಟ್ಟೆ ಉಳ್ಳವರ ತಟ್ಟೆಯಂತಾಗಿದ್ದರೆ 14ರ ಬದಲು 8 ಜನರಿಗಷ್ಟೇ ರೋಗ ಬರುತ್ತಿತ್ತು. ಆ ಆರು ಜನರ ರೋಗಕ್ಕೆ ಕಾರಣ ಬಡತನವಲ್ಲದೆ ಮತ್ತೇನು?

ಆದ್ದರಿಂದ ಸಾಫ್ಟ್‌ವೇರ್ ತೆರೆಯುವ ಮೊದಲು ಕಾಗದದ ಮೇಲೆ ಬಾಣಗಳನ್ನು ಎಳೆಯಿರಿ. ಬಡತನ, ಟಿಬಿ ಎರಡರ ಮೇಲೂ ಪರಿಣಾಮ ಬೀರುವ, ಬಡತನದಿಂದ ಹುಟ್ಟದ ಅಂಶಗಳು (ವಯಸ್ಸು, ಲಿಂಗ, ಹುಟ್ಟಿದ ಊರು ಹಳ್ಳಿಯೋ ಪಟ್ಟಣವೋ) ಕನ್ಫೌಂಡರ್‌ಗಳು. ಇವು ಮೊದಲ ಮಾಡೆಲ್‌ನಲ್ಲಿ ಇರಲೇಬೇಕು. ಬಿಎಂಐ, ಇಕ್ಕಟ್ಟು, ಕುಡಿತ ನಡುದಾರಿಯವು; ಇವನ್ನು ಎರಡನೇ ಮಾಡೆಲ್‌ನಲ್ಲಿ ಸೇರಿಸಿ, ಎರಡನ್ನೂ ಅಕ್ಕಪಕ್ಕ ಪ್ರಕಟಿಸಿ. ಬಡತನದ ಒಟ್ಟು ಪರಿಣಾಮವನ್ನು ಮೊದಲನೆಯದರಿಂದಲೇ ಓದಬೇಕು. ಇನ್ನೊಂದು ಮಾತು: 60 ರೋಗಿಗಳಿಟ್ಟುಕೊಂಡು 14 ಅಂಶ ತುರುಕಿದರೆ ಯಾವ ಪಿ ವ್ಯಾಲ್ಯೂ ಆದರೂ 0.05 ದಾಟೀತು. ಅಂಶವೊಂದಕ್ಕೆ ಕನಿಷ್ಠ ಹತ್ತು ರೋಗಿಗಳಾದರೂ ಇರಲಿ.

ನೀವು ಕೇಳದಿದ್ದರೂ ಕೇಳಬೇಕಿದ್ದ ಪ್ರಶ್ನೆ: ಆ ಬಿಎಂಐ ಯಾವಾಗ ಅಳೆದದ್ದು? ಚಿಕಿತ್ಸೆ ಶುರುವಾದ ದಿನ ತಾನೇ? ಅಷ್ಟರಲ್ಲಿ ಟಿಬಿ ಹಲವು ಕಿಲೊ ಕರಗಿಸಿರುತ್ತದೆ. ಹಸಿವಿನಿಂದ ಟಿಬಿಯೋ, ಟಿಬಿಯಿಂದ ಸೊರಗಿದ್ದೋ ಎಂದು ಆ ಅಂಕಿ ಹೇಳಲಾರದು. ಈ ಗಂಟನ್ನು ಬಿಡಿಸಿದ್ದು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ, 2023ರಲ್ಲಿ ಪ್ರಕಟವಾದ 'ರೇಷನ್ಸ್' ಪ್ರಯೋಗ. 2,800 ರೋಗಿಗಳ ಮನೆಗಳ 10,345 ಸದಸ್ಯರು ಅದರಲ್ಲಿದ್ದರು. ಮನೆಗಳನ್ನು ಎರಡು ಗುಂಪು ಮಾಡಿದ್ದರು; ಎರಡೂ ಗುಂಪಿನ ರೋಗಿಗಳಿಗೆ ಆಹಾರ ಸಿಕ್ಕಿತು. ಒಂದು ಗುಂಪಿನಲ್ಲಿ ಮನೆಮಂದಿಗೂ ತಲಾ ತಿಂಗಳಿಗೆ 5 ಕಿಲೊ ಅಕ್ಕಿ, 1.5 ಕಿಲೊ ತೊಗರಿಬೇಳೆ, ಸೂಕ್ಷ್ಮ ಪೋಷಕಾಂಶದ ಮಾತ್ರೆ. ಆ ಮನೆಮಂದಿಯಲ್ಲಿ ಹೊಸ ಟಿಬಿ ಇನ್ನೊಂದು ಗುಂಪಿನ ಮನೆಮಂದಿಗಿಂತ ಶೇ 39ರಷ್ಟು ಕಡಿಮೆಯಾಯಿತು. ಊಟ ಮೊದಲು, ರೋಗದ ಎಣಿಕೆ ಆಮೇಲೆ. ಹಾಗಾಗಿ ಬಾಣದ ದಿಕ್ಕಿನಲ್ಲಿ ಗೊಂದಲವಿಲ್ಲ.

ನಿಮ್ಮ ಅಧ್ಯಯನದಲ್ಲಿ ಅಷ್ಟು ಸಾಧ್ಯವಿಲ್ಲ, ಸರಿ. ಕೆಮ್ಮು ಶುರುವಾಗುವ ಮೊದಲಿನ ತೂಕ ಎಲ್ಲಾದರೂ ಬರೆದಿಟ್ಟಿದೆಯೇ ಹುಡುಕಿ: ಹಳೆಯ ಆಸ್ಪತ್ರೆ ಚೀಟಿ, ಹೆಂಗಸರಾದರೆ ತಾಯಿ ಕಾರ್ಡ್ (ಅದರಲ್ಲಿ ಗರ್ಭದ ಮೊದಲ ಮೂರು ತಿಂಗಳಿನ ತೂಕವನ್ನಷ್ಟೇ ತೆಗೆದುಕೊಳ್ಳಿ). ಅದೂ ಸಿಗದಿದ್ದರೆ ಬಿಎಂಐಯನ್ನು ಕಾರಣಗಳ ಸಾಲಿನಿಂದ ತೆಗೆದು, ರೋಗಿಯ ಸ್ಥಿತಿಯ ವಿವರಣೆಗಷ್ಟೇ ಇಟ್ಟುಕೊಳ್ಳಿ.