ವೃಷಭಾವತಿಯ ಪ್ಲಾಸ್ಟಿಕ್‌ನಿಂದ ಚೀಲ ಏಕೆ ಆಗುವುದಿಲ್ಲ?

ಬೆಳಿಗ್ಗೆ ನದಿ ಸ್ವಚ್ಛತೆ, ಮಧ್ಯಾಹ್ನ ಪ್ಲಾಸ್ಟಿಕ್ ಮರುಬಳಕೆಯ ಕಾರ್ಯಾಗಾರ. ಬೆಂಗಳೂರಿನಲ್ಲಿ ಇವೆರಡೂ ಈಗ ಜೋಡಿಯಾಗಿ ಬರುತ್ತವೆ. ಹೊಳೆಯಿಂದ ಎತ್ತಿದ ಕವರೇ ಸಂಜೆಗೆ ಚೀಲವಾಗುತ್ತದೆ ಎಂದು ಹಲವರು ನಂಬಿ ಬರುತ್ತಾರೆ. ಅದು ಆಗದ ಮಾತು.

ಹೊಳೆಯ ಕಥೆ ಹಳೆಯದು. 1894ರ ಹೆಸರಘಟ್ಟ, 1933ರ ತಿಪ್ಪಗೊಂಡನಹಳ್ಳಿ ಜಲಾಶಯಗಳ ಕಾಲದಲ್ಲಿ ಊರು ನೆಚ್ಚಿಕೊಂಡಿದ್ದು ಅರ್ಕಾವತಿಯನ್ನು. 1974ರಲ್ಲಿ ಕಾವೇರಿ ಬಂದಳು, ಅರ್ಕಾವತಿಗೆ ಸೇರುವ ವೃಷಭಾವತಿ ಮೈಸೂರು ರಸ್ತೆ ಪಕ್ಕದ ಮೋರಿಯಾಯಿತು.

ಪ್ಲಾಸ್ಟಿಕ್ಕಿನ ಕಥೆ ಇರುವುದು ಮಿಲಿಮೀಟರಿನ ಸಾವಿರದ ಒಂದು ಪಾಲಾದ ಮೈಕ್ರಾನ್‌ಗಳಲ್ಲಿ. ಕೇಂದ್ರದ ನಿಯಮದಲ್ಲಿ ಕ್ಯಾರಿಬ್ಯಾಗಿನ ಕನಿಷ್ಠ ದಪ್ಪ 1999ರಲ್ಲಿ 20, 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120. ನಡುವೆ, 2016ರ ಮಾರ್ಚ್‌ನಲ್ಲಿ ಕರ್ನಾಟಕ ಕ್ಯಾರಿಬ್ಯಾಗನ್ನೇ ನಿಷೇಧಿಸಿತು; ಬೀದಿಬದಿ ತಳ್ಳುಗಾಡಿಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ. ದಪ್ಪ ಹೆಚ್ಚಿಸಿದ್ದರ ಹಿಂದಿನ ತರ್ಕ ಸರಳ: ತೂಕವಿದ್ದರೆ ಗುಜರಿಯಲ್ಲಿ ಬೆಲೆ, ಬೆಲೆಯಿದ್ದರೆ ಆಯುವವರಿದ್ದಾರೆ. ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆಗಳು ಈ ಲೆಕ್ಕದಿಂದ ಹೊರಗುಳಿದವು. ಪದರಗಳನ್ನು ಬಿಡಿಸಲಾಗದ ಆ ಸರಕನ್ನು ಗುಜರಿಯವರು ಕೊಳ್ಳುವುದಿಲ್ಲ.

2012ರಲ್ಲಿ, ಊರ ಕಸ ಸುರಿಯುತ್ತಿದ್ದ ಮಾವಳ್ಳಿಪುರಕ್ಕೆ ಕಸದ ಲಾರಿ ನಿಂತ ಮೇಲೆ ಹಸಿ ಕಸ, ಒಣ ಕಸ ಬೇರ್ಪಡಿಸುವ ಮಾತು ಮನೆಮನೆಗೆ ಬಂತು. ತೊಳೆದು ಒಣಗಿಸಿದ ಪ್ಲಾಸ್ಟಿಕ್ ಮನೆಯಲ್ಲೇ ಸಿಗತೊಡಗಿತು. ಕಾರ್ಯಾಗಾರಗಳಿಗೆ ಬೇಕಾದದ್ದು ಅದೇ.

ಹಾಲಿನ ಕವರಿನ ಕೆಲಸ ನೋಡಿ. ಅದು ಎಲ್‌ಡಿಪಿಇ ಎಂಬ ಮೆತ್ತನೆಯ ಪ್ಲಾಸ್ಟಿಕ್, ಸುಮಾರು 110 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬೆಸುಗೆಯ ಅಂಚು ಕತ್ತರಿಸಿ, ಬಿಡಿಸಿ, ಸೋಪುನೀರಿನಲ್ಲಿ ತೊಳೆದು ಒಣಗಿಸಬೇಕು. 6ರಿಂದ 8 ಹಾಳೆ ಒಂದರ ಮೇಲೊಂದಿಟ್ಟು, ಮೇಲೆ ಕೆಳಗೆ ಬೇಕಿಂಗ್ ಪೇಪರ್ ಹಾಕಿ, ಇಸ್ತ್ರಿಪೆಟ್ಟಿಗೆಯನ್ನು ಸಿಲ್ಕ್‌ಗೆ ತಿರುಗಿಸಿ ನಡುವಿನಿಂದ ಅಂಚಿಗೆ ಆಡಿಸುತ್ತಿರಬೇಕು. ಮೇಲಿನ, ಕೆಳಗಿನ ಹಾಳೆಗಳ ಅಚ್ಚಿನ ಮುಖ ಒಳಗಿರಲಿ, ಇಲ್ಲದಿದ್ದರೆ ಶಾಯಿ ಪೇಪರಿಗೆ ಹತ್ತುತ್ತದೆ. ಒಂದೇ ಕಡೆ ನಿಲ್ಲಿಸಿದರೆ ತೂತು, ಬಿಸಿ ಸಾಲದಿದ್ದರೆ ಮಡಚಿದಾಗ ಪದರ ಬಿಡುತ್ತದೆ. ಕಿಟಕಿ ತೆರೆದಿರಲಿ. ಫ್ಲೆಕ್ಸ್ ಬ್ಯಾನರಿನ ತುಂಡು ಮಾತ್ರ ಬೇಡವೇ ಬೇಡ. ಅದು ಪಿವಿಸಿ, ಕಾದರೆ ಕಣ್ಣುರಿಸುವ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ.

ಒಂದು ಹನಿ ನೀರು ಉಳಿದರೂ ಪದರಗಳ ನಡುವೆ ಆವಿಯ ಗುಳ್ಳೆ ಏಳುತ್ತದೆ. ಹೊಳೆಯ ಕವರಿನಲ್ಲಿ ನೀರಷ್ಟೇ ಅಲ್ಲ, ಹಿಟ್ಟಿನಂಥ ಹೂಳೂ ಕೂತಿರುತ್ತದೆ. ಹೂಳಿದ್ದಲ್ಲಿ ಬೆಸುಗೆ ಕೂಡುವುದಿಲ್ಲ. ಚರಂಡಿ ನೀರಿನಲ್ಲಿ ನೆನೆದದ್ದನ್ನು ಕೈಯಲ್ಲಿ ತೊಳೆಯುವುದೂ ಸರಿಯಲ್ಲ, ತೊಳೆದ ನೀರು ಮತ್ತೆ ಅದೇ ರಾಜಕಾಲುವೆಗೆ.

ಸ್ಯಾಶೆಗಳಿಗೆ ಇಕೋಬ್ರಿಕ್, ಅಂದರೆ ಪ್ಲಾಸ್ಟಿಕ್ ತುಂಬಿದ ಬಾಟಲಿಯ ಇಟ್ಟಿಗೆ, ಮಾಡುವುದನ್ನು ಹೇಳಿಕೊಡುತ್ತಾರೆ: 1 ಲೀಟರ್ ಬಾಟಲಿಗೆ ಕೋಲಿನಿಂದ ಗಿಡಿದು ಕನಿಷ್ಠ 330 ಗ್ರಾಂ ತುಂಬಬೇಕು. ಒತ್ತಿದರೆ ಬಗ್ಗುವಂತಿದ್ದರೆ ತೂಕ ಸಾಲದು. ಒದ್ದೆಯೋ ಎಂಜಲೋ ಸೇರಿದರೆ ಒಳಗೆ ಅನಿಲ ಹುಟ್ಟಿ ಬಾಟಲಿ ಉಬ್ಬುತ್ತದೆ. ಬಿಸಿಲಿಗೆ ಬಿಟ್ಟರೆ ಬಾಟಲಿ ಪೆಡಸಾಗಿ ಒಡೆಯುತ್ತದೆ, ತುಂಬಿದ್ದೆಲ್ಲ ಹೊರಗೆ. ಇದನ್ನು ಮರುಬಳಕೆ ಎನ್ನುವುದಕ್ಕಿಂತ ಕೂಡಿಡುವುದು ಎನ್ನಬೇಕು.

ಹೊಳೆಯಲ್ಲಿ ಸಿಕ್ಕಿದ್ದಕ್ಕೆ ಉಳಿದ ದಾರಿ, ಅದನ್ನು ಉರುವಲಾಗಿ ಸುಡುವ ಸಿಮೆಂಟ್ ಕಾರ್ಖಾನೆಯ ಗೂಡು. ಒದ್ದೆ ಸರಕು ಅಲ್ಲಿ ಸರಿಯಾಗಿ ಉರಿಯುವುದಿಲ್ಲ. ಹಾಗಾಗಿ ಅದನ್ನು ಹರಡಿ ಒಣಗಿಸಲು ಜಾಗ, ಸಾಗಿಸಲು ಗಾಡಿ ಮೊದಲು ಗೊತ್ತುಮಾಡಿಕೊಂಡು ಆಮೇಲೆ ಹೊಳೆಗೆ ಇಳಿಯಬೇಕು. ಇಲ್ಲವಾದರೆ ದಡದ ರಾಶಿ ಮುಂದಿನ ಮಳೆಗೆ ಮತ್ತೆ ಹೊಳೆ ಹರಿದು ಸೇರುವ ಬೈರಮಂಗಲದ ಕೆರೆ ಕಡೆ ಹೊರಡುತ್ತದೆ.