ಯೋಗ ಕೇಂದ್ರದ ಜಾಲತಾಣಕ್ಕೆ ಫಾಂಟ್: ಒತ್ತಕ್ಷರದಿಂದ ಶುರುಮಾಡಿ

ಯೋಗ ಕೇಂದ್ರದ ಜಾಲತಾಣ ಎಂದ ಕೂಡಲೇ ವಿನ್ಯಾಸಕರ ಕೈ ಹೋಗುವುದು ಕೂದಲೆಳೆಯಂಥ ತೆಳು ಫಾಂಟಿಗೆ, ಇಲ್ಲವೇ ಬಳುಕುವ ಕೈಬರಹಕ್ಕೆ. ಇಂಗ್ಲಿಷಿನಲ್ಲಿ ಅದು ಹೇಗೋ ನಡೆದುಹೋಗುತ್ತದೆ. ಕನ್ನಡದ ಅಕ್ಷರ ಮೊದಲೇ ದುಂಡಗಿದೆ, ಮೃದುತನವನ್ನು ಹೊರಗಿನಿಂದ ತಂದು ಹಚ್ಚಬೇಕಿಲ್ಲ. ಕಣ್ಣು ದಣಿಯುವುದು ಒತ್ತುಗಳು ಕೆಳಗಿನ ಸಾಲಿಗೆ ತಗುಲಿದಾಗ, ಅಕ್ಷರದ ಒಳಜಾಗ ಮುಚ್ಚಿಕೊಂಡಾಗ. ಹಾಗಾಗಿ ಫಾಂಟಿನ ಅಂದ ನೋಡುವ ಮೊದಲು ಒತ್ತು ನೋಡಿ.

ಪರೀಕ್ಷೆಯ ಸಾಲು

ಯಾವ ಫಾಂಟ್ ಆದರೂ ಈ ಐದು ಪದ ಬರೆದು ನೋಡಿ: ಉಷ್ಟ್ರಾಸನ, ಮತ್ಸ್ಯೇಂದ್ರಾಸನ, ಭಸ್ತ್ರಿಕಾ, ಸರ್ವಾಂಗಾಸನ, ಧ್ಯಾನ. ಮೊದಲ ಮೂರರಲ್ಲಿ ಒಂದೇ ಅಕ್ಷರಕ್ಕೆ ಎರಡೆರಡು ಒತ್ತು. ಅವು ಒಂದರ ಮೇಲೊಂದು ಬಿದ್ದಿವೆಯೇ, ಪಕ್ಕದ ಅಕ್ಷರಕ್ಕೆ ಗುದ್ದುತ್ತಿವೆಯೇ ನೋಡಿ. ನಾಲ್ಕನೆಯದು ಅರ್ಕಾವೊತ್ತಿಗೆ. ಕೊನೆಯದು ಮಹಾಪ್ರಾಣಕ್ಕೆ: ‘ಧ’ದ ಬುಡದ ಪುಟ್ಟ ಕಡ್ಡಿ ದಪ್ಪ ತೂಕದಲ್ಲಿ (ತೂಕವೆಂದರೆ ಅಕ್ಷರದ ಗೆರೆಯ ದಪ್ಪ) ಕರಗಿಹೋದರೆ ಓದುಗರಿಗೆ ಕಾಣುವುದು ‘ದ್ಯಾನ’. ಯೋಗ ಕಲಿಸುವವರ ಮುಖಪುಟಕ್ಕೆ ಇದಕ್ಕಿಂತ ಮುಜುಗರ ಬೇಕೆ? ಈ ಪರೀಕ್ಷೆಯನ್ನು ದೊಡ್ಡ ಮಾನಿಟರ್‌ನಲ್ಲಿ ಮಾಡಬೇಡಿ. ಕಡಿಮೆ ಬೆಲೆಯ ಫೋನಿನಲ್ಲಿ, 16 ಪಿಕ್ಸೆಲ್ ಗಾತ್ರದಲ್ಲಿ ಮಾಡಿ.

ಯಾವುದನ್ನು ಎಲ್ಲಿ

ಉದ್ದ ಬರಹಕ್ಕೆ ನೋಟೋ ಸ್ಯಾನ್ಸ್ ಕನ್ನಡ ನಂಬಿಕಸ್ಥ, ತುಸು ನೀರಸವೂ ಹೌದು. ಏಕ್ ಟೈಪ್ ಎಂಬ ಫಾಂಟ್ ಸಂಸ್ಥೆಯ ‘ಅನೇಕ್ ಕನ್ನಡ’ ವೇರಿಯಬಲ್ ಫಾಂಟ್, ಎಂದರೆ ಒಂದೇ ಫೈಲಿನಲ್ಲಿ ರೂಪ ಬದಲಿಸಬಹುದಾದದ್ದು. ತೂಕವನ್ನು 100ರಿಂದ 800ರವರೆಗೆ, ಅಗಲವನ್ನು 75ರಿಂದ 125ರವರೆಗೆ ಬದಲಿಸಬಹುದು. ಶೀರ್ಷಿಕೆಗೆ ಅಗಲ 110ರ ಆಸುಪಾಸಿಗೆ ಇಟ್ಟರೆ ಅಕ್ಷರಗಳು ಆರಾಮವಾಗಿ ಕೂರುತ್ತವೆ. ಟೀರೋ ಕನ್ನಡದಲ್ಲಿ ಪುಸ್ತಕದ ಗಾಂಭೀರ್ಯವಿದೆ, ಶ್ಲೋಕಕ್ಕೂ ಪರಿಚಯದ ಸಾಲಿಗೂ ಒಪ್ಪುತ್ತದೆ. ಆದರೆ ಅದಕ್ಕೆ ಬೋಲ್ಡ್ ತೂಕವಿಲ್ಲ. ನೀವು ಬೋಲ್ಡ್ ಎಂದು ಹೇಳಿದರೆ ಬ್ರೌಸರ್ ತಾನೇ ಅಕ್ಷರಕ್ಕೆ ಮಸಿ ಬಳಿದು ದಪ್ಪ ಮಾಡುತ್ತದೆ, ಒಳಜಾಗ ಮುಚ್ಚುತ್ತದೆ. ಬಾಲೂ ತಮ್ಮ 2 ಮಕ್ಕಳ ಬೇಸಿಗೆ ಶಿಬಿರದ ಪುಟಕ್ಕೆ ಚೆನ್ನ, ಪ್ರಾಣಾಯಾಮದ ಪುಟಕ್ಕಲ್ಲ. ಎರಡು ಫಾಂಟ್ ಸಾಕು, ಮೂರನೆಯದು ಬಂದರೆ ಗಲಾಟೆ.

ಇಂಗ್ಲಿಷ್ ಅಕ್ಷರಕ್ಕೆ ದೇವನಾಗರಿಯ ತಲೆಗೆರೆ ಹಾಕಿದ ಸಮರ್ಕಾನ್ ಥರದ ಫಾಂಟುಗಳನ್ನು ದೂರವಿಡಿ. ಅವು ಹೊರದೇಶದ ಹೋಟೆಲ್ ಬೋರ್ಡಿನ ‘ಭಾರತೀಯತೆ’.

ಅಳತೆ

ಮುಖ್ಯ ಬರಹ 18 ಪಿಕ್ಸೆಲ್, ತೂಕ 400, ಸಾಲಿನ ಎತ್ತರ ಅಕ್ಷರದ ಗಾತ್ರದ 1.7ರಿಂದ 1.8 ಪಟ್ಟು. ಇಂಗ್ಲಿಷ್ ಟೆಂಪ್ಲೇಟಿನ 1.4 ಅನ್ನು ಹಾಗೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ತಲೆಗೆ ಕೂರುತ್ತದೆ. ಶೀರ್ಷಿಕೆಗೂ 1.4ಕ್ಕಿಂತ ಕೆಳಗೆ ಇಳಿಯಬೇಡಿ. ಬರಹದ ಕಂಬದ (ಕಾಲಂ) ಅಗಲ ಸುಮಾರು 600 ಪಿಕ್ಸೆಲ್ ಇದ್ದರೆ ಸಾಲಿಗೆ ಎಂಟು ಪದದ ಆಸುಪಾಸು ಸಿಗುತ್ತದೆ. ಎಡಕ್ಕೆ ಹೊಂದಿಸಿ, ಬಲತುದಿ ಏರುಪೇರಾಗಿಯೇ ಇರಲಿ. ‘ಪಶ್ಚಿಮೋತ್ತಾನಾಸನದಲ್ಲಿರುವಾಗ’ ಎಂಬಂಥ ಪದವಿರುವ ಭಾಷೆಯಲ್ಲಿ ಎರಡೂ ಬದಿ ಸಮ ಮಾಡಿದರೆ ನಡುನಡುವೆ ಹೊಂಡ ಬೀಳುತ್ತದೆ.

ಅಕ್ಷರಗಳ ನಡುವಿನ ಅಂತರ ಕನ್ನಡಕ್ಕೆ ಸೊನ್ನೆಯೇ ಇರಲಿ. ಇಂಗ್ಲಿಷ್ ದೊಡ್ಡಕ್ಷರಗಳನ್ನು ಬಿಡಿಸಿ ಇಡುವುದು ಸ್ಪಾ ಶೈಲಿ. ಕನ್ನಡದಲ್ಲಿ ಹಾಗೆ ಮಾಡಿದರೆ ಪದ ಚೂರುಚೂರಾಗಿ ಕಾಣುತ್ತದೆ. ದೊಡ್ಡಕ್ಷರವೂ ನಮ್ಮಲ್ಲಿಲ್ಲ, ಒತ್ತಿ ಹೇಳಬೇಕಾದರೆ ಗಾತ್ರ ಅಥವಾ ತೂಕ ಬಳಸಿ. ಇಟ್ಯಾಲಿಕ್ ಬೇಡ: ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಅದಿಲ್ಲ, ಬ್ರೌಸರ್ ಸುಮ್ಮನೆ ಅಕ್ಷರವನ್ನು ವಾಲಿಸುತ್ತದೆ.

ಬಟನ್ನಿಗೆ ಎತ್ತರ ಕಟ್ಟುನಿಟ್ಟು ಮಾಡಿ, ಹೊರಗೆ ಚಾಚಿದ್ದನ್ನು ಮರೆಮಾಡು ಎಂದು ಬರೆದಿದ್ದರೆ ಒತ್ತಿನ ಬಾಲ ಕತ್ತರಿಸಿಹೋಗುತ್ತದೆ. ಎತ್ತರದ ಬದಲು ಮೇಲೆ ಕೆಳಗೆ 12 ಪಿಕ್ಸೆಲ್ ಪ್ಯಾಡಿಂಗ್ (ಬರಹದ ಸುತ್ತಲ ಖಾಲಿ ಜಾಗ) ಕೊಡಿ.

ಬಣ್ಣ

ತಿಳಿ ಬೂದು ಶಾಂತವೆಂಬುದು ಭ್ರಮೆ. ಬಿಳಿ ಹಿನ್ನೆಲೆಯ ಮೇಲೆ #999999 ಸಂಕೇತದ ಬೂದು ಬಣ್ಣದ ಕಾಂಟ್ರಾಸ್ಟ್ (ಬರಹ, ಹಿನ್ನೆಲೆಗಳ ಹೊಳಪಿನ ಅನುಪಾತ) ಸುಮಾರು 2.85. ಜಾಲತಾಣ ಎಲ್ಲರಿಗೂ ಓದಲಾಗಬೇಕೆಂಬ ಮಾರ್ಗಸೂಚಿ ಡಬ್ಲ್ಯೂಸಿಎಜಿಯ ಎಎ ಮಟ್ಟ ಸಣ್ಣ ಬರಹಕ್ಕೆ ಕೇಳುವುದು 4.5. #767676 ಅದನ್ನು ಹೇಗೋ ದಾಟುತ್ತದೆ, #595959ಕ್ಕೆ 7 ಸಿಗುತ್ತದೆ. ಅರವತ್ತು ದಾಟಿದವರೂ ನಿಮ್ಮ ಬೆಳಗಿನ ತರಗತಿಯ ಸಮಯ ಹುಡುಕುತ್ತಾರೆ.

ಎರಡು ಭಾಷೆಯಿದ್ದರೆ

ಮೈಸೂರಿನ ಗೋಕುಲಂನಂಥ ಕಡೆ, ಹೊರದೇಶದ ವಿದ್ಯಾರ್ಥಿಗಳೂ ಬರುವಾಗ, ಆಸನದ ಹೆಸರನ್ನು ರೋಮನ್ ಲಿಪಿಯಲ್ಲಿ ಮೇಲ್ಗೆರೆ, ಅಡಿಚುಕ್ಕಿ ಹಾಕಿ ಬರೆಯುತ್ತಾರೆ. ಆ ಗುರುತಿನ ಅಕ್ಷರಗಳು ಫಾಂಟಿನಲ್ಲಿ ಇಲ್ಲದಿದ್ದರೆ ಪದದ ನಡುವೆ ಒಂದಕ್ಷರ ಮಾತ್ರ ಬೇರೆ ಫಾಂಟಿನಲ್ಲಿ ಬಂದು ಕೂರುತ್ತದೆ. ಗೂಗಲ್ ಫಾಂಟ್ಸ್‌ನಿಂದ ಫೈಲ್ ಇಳಿಸಿ ಸಬ್‌ಸೆಟ್ ಮಾಡುವಾಗ (ಬೇಕಾದ ಅಕ್ಷರಗಳನ್ನಷ್ಟೇ ಉಳಿಸಿಕೊಳ್ಳುವಾಗ) ಇಂಥ ಗುರುತಿನ ಅಕ್ಷರಗಳಿರುವ ‘ಲ್ಯಾಟಿನ್ ಎಕ್ಸ್‌ಟೆಂಡೆಡ್’ ಗುಂಪು ಬಿಟ್ಟರೆ ಆಗುವುದೂ ಇದೇ. ಎರಡು ಲಿಪಿಯ ಗಾತ್ರ ಒಂದೇ ಸಂಖ್ಯೆಯಾದರೂ ಕಣ್ಣಿಗೆ ಒಂದೇ ಅನಿಸುವುದಿಲ್ಲ. ಪುಟದ ವಿನ್ಯಾಸದ ಕೋಡಿನಲ್ಲಿ (ಸಿಎಸ್‌ಎಸ್) ಫಾಂಟ್ ಸೇರಿಸುವ ‘ಫಾಂಟ್-ಫೇಸ್’ ನಿಯಮದಲ್ಲಿ ‘ಸೈಜ್-ಅಡ್ಜಸ್ಟ್’ ಕೊಟ್ಟು 95, 105 ಶೇಕಡಾ ಎಂದು ಹೊಂದಿಸಿ ನೋಡಿ.

ವೇಳಾಪಟ್ಟಿಯಲ್ಲಿ ಅಂಕಿಗಳು ಸಮ ಅಗಲದವಾಗಿರಲಿ. ಇಲ್ಲದಿದ್ದರೆ 6:15ರ ಕೆಳಗೆ 7:30 ಸೊಟ್ಟಗೆ ನಿಲ್ಲುತ್ತದೆ.

ಕೊನೆಯದಾಗಿ, ಕರಪತ್ರ ಮಾಡಿಕೊಟ್ಟ ಡಿಟಿಪಿ ಅಂಗಡಿಯ ಫೈಲಿನಿಂದ ಬರಹ ನಕಲಿಸುವಾಗ ಎಚ್ಚರ. ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿದ್ದರೆ ಜಾಲತಾಣದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳಷ್ಟೇ ಕಾಣುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒಂದೊಂದು ಅರ್ಕಾವೊತ್ತನ್ನೂ ಕಣ್ಣಾರೆ ತಿದ್ದಿ. ಪರಿವರ್ತಕಗಳು ಎಡವುವ ಜಾಗಗಳಲ್ಲಿ ಅದೂ ಒಂದು.