ಜೋಡಿಯಲ್ಲಿ ಅಪ್ಪಂದು ಯಾವುದು, ಅಮ್ಮಂದು ಯಾವುದು?

ಪ್ರಶ್ನೆ: ಡಿಎನ್‌ಎಯಲ್ಲಿ ಬೇಸ್ ಜೋಡಿಗಳ ಕೆಲಸವೇನು? ಜೋಡಿಯಲ್ಲಿ ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆಯೇ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಡಿಎನ್‌ಎ ಎರಡೆಳೆಯ ತಿರುಚಿದ ಏಣಿ, ಬೇಸ್ ಜೋಡಿ ಅದರ ಮೆಟ್ಟಿಲು. ಬೇಸ್ ಅಂದರೆ ಡಿಎನ್‌ಎಯ ಅಕ್ಷರ, ಇರುವುದು ನಾಲ್ಕೇ: ಅಡಿನೀನ್ ಎದುರಿಗೆ ಥೈಮಿನ್, ಗ್ವಾನಿನ್ ಎದುರಿಗೆ ಸೈಟೊಸಿನ್. ಮೊದಲ ಜೋಡಿಗೆ ಎರಡು ಹೈಡ್ರೋಜನ್ ಬಂಧ, ಎರಡನೆಯದಕ್ಕೆ ಮೂರು. ಈ ನಾಲ್ಕು ಅಕ್ಷರ ಯಾವ ಸಾಲಿನಲ್ಲಿ ಕೂತಿವೆ ಎಂಬುದೇ ಮಾಹಿತಿ.

ಎರಡನೆಯದು ನನ್ನ ಬೆನ್ನು ಬಿಡದ ಪ್ರಶ್ನೆ. ಬಳ್ಳಾರಿಯಲ್ಲಿ ಪಾಠ ಹೇಳಲು ಶುರು ಮಾಡಿದಾಗಿನಿಂದ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಈಗೀಗ ಅವರ ಅಪ್ಪಂದಿರೂ ಕೇಳುತ್ತಾರೆ. ಅರ್ಧ ತಪ್ಪು ನಮ್ಮ ಭಾಷೆಯದೇ. ಜೋಡಿ ಅಂದ ಕೂಡಲೇ ನಮ್ಮ ಕಣ್ಣಿಗೆ ಗಂಡ-ಹೆಂಡತಿ ಕಾಣುತ್ತಾರೆ. ಉಳಿದರ್ಧ, ಕ್ರೋಮೋಸೋಮ್ (ಕೋಶದೊಳಗಿನ ಉದ್ದನೆಯ ಒಂದೊಂದು ಡಿಎನ್‌ಎ ಕಟ್ಟು) ಜೋಡಿಯನ್ನೂ ಬೇಸ್ ಜೋಡಿಯನ್ನೂ ಒಂದೇ ಚೀಲಕ್ಕೆ ತುಂಬಿದ್ದು.

ಜೀನ್ ಪಾಠಕ್ಕೆ ನಾನು ಜೀನ್ಸ್ ಜಿಪ್ ಒಯ್ಯುತ್ತೇನೆ. ಜೀನ್ಸ್ ಹೊಲಿಯುವ ಈ ಊರಲ್ಲಿ ಅದಕ್ಕೇನು ಬರವೇ? ರನ್ನರ್ ಕೆಳಗೆಳೆದು ಎರಡು ಪಟ್ಟಿ ಬಿಡಿಸಿ ಹಿಡಿಯುತ್ತೇನೆ. ಎಡಪಟ್ಟಿ ಅಪ್ಪಂದು, ಬಲಪಟ್ಟಿ ಅಮ್ಮಂದು ಎಂದೇ ಇಟ್ಟುಕೊಳ್ಳೋಣ. ಎಡಕ್ಕೆ ಅಡಿನೀನ್ ಇದ್ದರೆ ಬಲಕ್ಕೆ ಥೈಮಿನ್ನೇ ಬೇಕು, ಬೇರೇನೂ ಕೂರುವುದಿಲ್ಲ. ಅಂದರೆ ಅಪ್ಪನ ಪಟ್ಟಿ ಬಂದಾಗಲೇ ಅಮ್ಮನ ಪಟ್ಟಿ ತೀರ್ಮಾನವಾಯಿತು; ಆ ತಾಯಿಗೆ ತನ್ನದು ಅಂತ ಹೇಳಲು ಒಂದಕ್ಷರವೂ ಉಳಿಯಲಿಲ್ಲ. ಇಲ್ಲ, ಆಕೆಯದು ಬೇರೆಯೇ ಇದೆ ಅನ್ನುತ್ತೀರಾ? ಹಾಗಾದರೆ ಸಣ್ಣ ಹಲ್ಲಿನ 3 ನಂಬರ್ ಪಟ್ಟಿಗೆ ದೊಡ್ಡ ಹಲ್ಲಿನ 5 ನಂಬರ್ ಪಟ್ಟಿ ಸೇರಿಸಿದ ಹಾಗೆ, ಹಲ್ಲು ಕಚ್ಚುವುದಿಲ್ಲ.

ನಿಜ ಇಷ್ಟೇ: ಅಪ್ಪ ಕೊಡುವುದು 23 ಇಡೀ ಜಿಪ್, ಅಂದರೆ 23 ಕ್ರೋಮೋಸೋಮ್; ಅಮ್ಮ ಕೊಡುವುದೂ 23 ಇಡೀ ಜಿಪ್. ಈ 23ರ ಒಂದೊಂದು ಕಂತಿನಲ್ಲೂ ಸುಮಾರು 310 ಕೋಟಿ ಜೋಡಿ. ಅವರ ಜಿಪ್ ಒಂದಕ್ಕೊಂದು ಹೆಣೆದುಕೊಂಡು ಕೂರುವುದಿಲ್ಲ, ಪಕ್ಕಪಕ್ಕ ಇರುತ್ತವೆ ಅಷ್ಟೆ. (ಇದರ ಮೇಲೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ 16,569 ಜೋಡಿ ತಾಯಿಯ ಕಡೆಯ ಬಳುವಳಿ.) ಕೋಶ ಎರಡಾಗುವ ಮೊದಲು ಪ್ರತಿ ಜಿಪ್ ಬಿಚ್ಚಿಕೊಳ್ಳುತ್ತದೆ, ಒಂದೊಂದು ಪಟ್ಟಿಯೂ ತನಗೆ ಹೊಸ ಜೊತೆ ಕಟ್ಟಿಕೊಳ್ಳುತ್ತದೆ. ಹೊಸ ಜಿಪ್‌ನಲ್ಲಿ ಒಂದು ಪಟ್ಟಿ ಹಳೆಯದು, ಒಂದು ಹೊಸದು. ಬ್ಯಾಕ್ಟೀರಿಯಾಕ್ಕೆ ಭಾರದ ನೈಟ್ರೋಜನ್ ಉಣಿಸಿ ಇದನ್ನು ಮೆಸೆಲ್ಸನ್ ಮತ್ತು ಸ್ಟಾಲ್ ಎಂಬ ವಿಜ್ಞಾನಿಗಳು 1958ರಲ್ಲೇ ತೋರಿಸಿದರು. ಒಂದು ಪಟ್ಟಿ ನೋಡಿ ಇನ್ನೊಂದನ್ನು ಹೊಲಿಯಬಹುದು ಎಂಬುದೇ ಜೋಡಿಯ ದೊಡ್ಡ ಉಪಯೋಗ. ಕಳೆದ ವರ್ಷ ಇಷ್ಟೆಲ್ಲ ಆದ ಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ: “ಹಂಗಾದ್ರ ರನ್ನರ್ ಯಾರದ್ರೀ ಸರ?” ಜಿಪ್ ಬಿಚ್ಚುವ ಹೆಲಿಕೇಸ್ ಎಂಬ ಕಿಣ್ವದ್ದು ಮಾರಾಯಾ. ಆ ಹುಡುಗನಿಗೆ ಒಂದು ಅಂಕ ಹೆಚ್ಚೇ ಹಾಕಬೇಕಿತ್ತು.

ಯಾರೂ ಕೇಳದ ಇನ್ನೊಂದಿದೆ: ಜೋಡಿ ಹೆಚ್ಚಿದ್ದರೆ ಜೀವಿ ದೊಡ್ಡದೇ? ಸಂಜೆ ಒಗ್ಗರಣಿ-ಮಿರ್ಚಿ ತಟ್ಟೆ ನೋಡಿ. ಮಂಡಕ್ಕಿಯ ಮೂಲವಾದ ಭತ್ತಕ್ಕೆ ಒಂದು ಕಂತಿನಲ್ಲಿ ಸುಮಾರು 40 ಕೋಟಿ ಜೋಡಿ. ಅದರೊಳಗೆ ಹೆಚ್ಚಿ ಹಾಕಿದ ಉಳ್ಳಾಗಡ್ಡಿಗೆ ಸುಮಾರು 1,600 ಕೋಟಿ! ತಿನ್ನುತ್ತ ಕೂತ ನಮ್ಮದಕ್ಕಿಂತ ಐದು ಪಟ್ಟು. ಅದರಲ್ಲಿ ಬಹುಪಾಲು ಬರೆದದ್ದನ್ನೇ ಮತ್ತೆ ಮತ್ತೆ ಬರೆದದ್ದು, ನಾನು ಈ ಉತ್ತರ ಬರೆಯುತ್ತಿರುವ ಹಾಗೆ.